ಜಾಜು ಹಚ್ಚಿದ ಕುರಿಗಳು

ಹೋದ ತಿಂಗಳು ಸವಿತಾ ಎಂಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಪಶುಪಾಲನಾ ಇಲಾಖೆಗೆ ಹೊಸದಾಗಿ ಪರೀಕ್ಷಕಿಯಾಗಿ ಸೇರಿದವಳು. ಮೂವತ್ತೊಂದು ವರ್ಷ ನಾನು ಮಾಡಿದ ಕೆಲಸವೇ ಈಗ ಅವಳದು. ದನ, ಎಮ್ಮೆ, ಕುರಿ, ಮೇಕೆಗಳಿಗೆ ಲಸಿಕೆ ಹಾಕುವುದು, ಗಾಯಕ್ಕೆ ಮದ್ದು ಹಚ್ಚುವುದು, ಡಾಕ್ಟರು ಹೇಳಿದ್ದನ್ನು ಮಾಡುವುದು, ಹೇಳದ್ದನ್ನೂ ಮಾಡಿ ಬೈಸಿಕೊಳ್ಳುವುದು. ಊರಿನವರು ನಮ್ಮನ್ನೂ ಡಾಕ್ಟ್ರು ಅಂತಲೇ ಕರೆಯುತ್ತಾರೆ. ನಾವು ಮೊದಮೊದಲು ಅಲ್ಲ ಅನ್ನುತ್ತೇವೆ, ಆಮೇಲೆ ಸುಮ್ಮನಾಗುತ್ತೇವೆ.

"ಸಾರ್, ನಮಗೊಂದು ತರಬೇತಿ ಐತೆ. ಕೆಲಸದಲ್ಲಿ ಪಾಸಿಟಿವ್ ಆಗಿರೋದು, ನಮ್ಮ ಮೌಲ್ಯಗಳ ಪ್ರಕಾರ ನಡಕಳೋದು ಅಂತ ವಿಷ್ಯ. ರಿಟೈರ್ ಆದೋರು ಒಬ್ರು ಅನುಭವ ಹೇಳ್ಬೇಕಂತೆ. ನಿಮ್ಮ ಹೆಸರು ಬರೆಸೀನಿ," ಎಂದಳು.

"ಕೇಳಿ ಬರೆಸಬೇಕಿತ್ತಲ್ಲಮ್ಮ," ಎಂದೆ.

"ಕೇಳಿದ್ರೆ ನೀವು ಬ್ಯಾಡ ಅಂತಿದ್ರಿ."

ಹೋದೆ. ಮೈಕಿನ ಮುಂದೆ ನಿಂತೆ. ನಿಂತ ಮೇಲೆ ನಾನು ಹೇಳಬೇಕೆಂದುಕೊಂಡ ಕಥೆ ವಿಷಯದ ಪರವಾಗಿದೆಯೋ ವಿರುದ್ಧವಾಗಿದೆಯೋ ಗೊತ್ತಾಗಲಿಲ್ಲ. ಎಲ್ಲರಿಗೂ ಒಳ್ಳೆಯದಾಗಲಿ ಎಂದು ಹೇಳಿ ಕೂತುಬಿಟ್ಟೆ. ತರಬೇತಿಗೆ ಬಂದ ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ನಾಚಿಕೆಯಾಯಿತು. ಅಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಈ ವಿಷಯದಲ್ಲಿ ಇಂದಿಗೂ ಏನೂ ತಿಳಿಯಾಗಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಹೊಳಲ್ಕೆರೆ ಕಡೆಯ ಒಂದು ಹಳ್ಳಿಯಲ್ಲಿದ್ದೆ. ಅಲ್ಲಿ ಹನುಮಂತಪ್ಪ ಎಂಬ ಹಿರಿಯ ಪರೀಕ್ಷಕರಿದ್ದರು. ಸೈಕಲ್ಲಿನ ಹ್ಯಾಂಡಲ್ಲಿಗೆ ಔಷಧಿ ಚೀಲ, ಬಾಯಲ್ಲಿ ಸದಾ ಎಲೆಯಡಿಕೆ, ಮುಖದಲ್ಲಿ ಸದಾ ನಗು. ಅವರು ನನಗೆ ಕಲಿಸಿದ ಮೊದಲ ಪಾಠ ಇದು: "ಲೇ ರುದ್ರೇಶ, ಸೂಜಿ ಆಮ್ಯಾಲೆ. ಮೊದ್ಲು ಏನೂ ಆಗಲ್ಲ ಅನ್ನು. ಅರ್ಧ ಕಾಯಿಲೆ ಅಲ್ಲೇ ಹೋಗ್ತೈತೆ."

ನಾನು ಈ ಪಾಠವನ್ನು ಸೂಜಿ ಚುಚ್ಚುವುದಕ್ಕಿಂತ ಬೇಗ ಕಲಿತೆ. ಒಬ್ಬ ಮುದುಕರ ಎಮ್ಮೆಗೆ ಹೊಟ್ಟೆ ಉಬ್ಬರಿಸಿತ್ತು. ಎಣ್ಣೆ ಕುಡಿಸಿ, ಹೊಟ್ಟೆ ತಿಕ್ಕಿಸಿ, "ಏನೂ ಆಗಲ್ಲ ಯಜಮಾನ್ರೇ, ನಾಳೆ ಎದ್ದು ಮೇವು ತಿಂತೈತೆ," ಎಂದು ಬಂದೆ. ಮಾರನೆಯ ದಿನ ಮಧ್ಯಾಹ್ನ ಆ ಮುದುಕರು ನಡೆದುಕೊಂಡು ಆಸ್ಪತ್ರೆಗೆ ಬಂದರು. ಬೈಯಲಿಲ್ಲ. "ನೀವು ಏನೂ ಆಗಲ್ಲ ಅಂದ್ರಲ್ಲ ಅಂತ ನಾನು ದೊಡ್ಡಾಸ್ಪತ್ರೆಗೆ ಟ್ರಾಕ್ಟ್ರು ಮಾಡ್ಲಿಲ್ಲ ಸ್ವಾಮಿ," ಎಂದಷ್ಟೇ ಹೇಳಿ ಹೋದರು. ಎಮ್ಮೆ ಬೆಳಗ್ಗೆಯೇ ಸತ್ತಿತ್ತು.

ನಾನು ಹನುಮಂತಪ್ಪನವರ ಮುಂದೆ ಅತ್ತೆ. ಅವರು ಎಲೆಯಡಿಕೆ ಉಗಿದು ಬಂದು, "ನೀನು ಅಳುಮುಖ ಮಾಡಿಕ್ಯಂಡು ನಿಂತಿದ್ರೆ ಎಮ್ಮೆ ಬದುಕ್ತಿತ್ತೇನಪ್ಪ?" ಎಂದರು. ಅದೂ ನಿಜವೇ. ಟ್ರಾಕ್ಟರ್ ಮಾಡಿದ್ದರೆ ಬದುಕುತ್ತಿತ್ತೇನೋ. ಅದೂ ನಿಜವೇ. ಇಬ್ಬರೂ ಸರಿ ಹೇಳುತ್ತಿದ್ದಾರೆ ಅನ್ನಿಸಿದ್ದು ಅದೇ ಮೊದಲು. ಆಮೇಲೆ ಅದೇ ನನ್ನ ರೋಗವಾಯಿತು.

ಅಲ್ಲಿಂದ ಹೊಸದುರ್ಗ, ಅಲ್ಲಿಂದ ಹಿರಿಯೂರು ತಾಲೂಕು. ಹಿರಿಯೂರು ತಾಲೂಕಿನಲ್ಲಿ ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಈಗಿನವರಿಗೆ ಒಂದು ಮಾತು ಹೇಳಬೇಕು. ನಿಮ್ಮ ಕೈಯಲ್ಲಿ ಮೊಬೈಲ್ ಇದೆ, ಪ್ರಾಣಿಯ ಕಿವಿಯಲ್ಲಿ ಹಳದಿ ಓಲೆ ಇದೆ, ಓಲೆಯಲ್ಲಿ ನಂಬರಿದೆ. ಯಾವುದಕ್ಕೆ ಲಸಿಕೆ ಆಯಿತು, ಯಾವುದಕ್ಕೆ ಇಲ್ಲ ಎಂದು ನಂಬರು ಒತ್ತಿದರೆ ಬರುತ್ತದೆ. ನಮಗೆ ಇದ್ದದ್ದು ಜಾಜು. ಮನೆಯ ಗೋಡೆಯ ಅಂಚಿಗೆ ಬಳಿಯುವ ಕೆಂಪು ಮಣ್ಣು. ಅದನ್ನು ಡಬ್ಬಿಯಲ್ಲಿ ಕಲಸಿಟ್ಟುಕೊಂಡು, ಸೂಜಿ ಹಾಕಿದ ಕುರಿಯ ಸೊಂಟದ ಮೇಲೆ ಬಟ್ಟೆಯುಂಡೆಯಿಂದ ಒಂದು ಮುದ್ರೆ ಒತ್ತಿ ಬಿಡುವುದು. ಕೆಂಪಿದ್ದರೆ ಆಯಿತು, ಇಲ್ಲದಿದ್ದರೆ ಹಿಡಿ. ಇಷ್ಟೇ ವಿದ್ಯೆ.

ಇನ್ನೊಂದು ಸಂಗತಿ. ನಮ್ಮ ಕಡೆ ಕುರಿಗಾರರು ಕುರಿ ಎಣಿಸುವುದಿಲ್ಲ. ಎಷ್ಟಿವೆ ಎಂದು ಕೇಳಿದರೆ "ಇದಾವೆ ಸಾರ್, ದೇವ್ರು ಕೊಟ್ಟಷ್ಟು" ಅನ್ನುತ್ತಾರೆ. ಎಣಿಸಿ ಬಾಯಿಬಿಟ್ಟು ಹೇಳಿದರೆ ಮಂದೆ ಇಳಿಯುತ್ತದೆ ಎಂಬ ನಂಬಿಕೆ. ಅವರಿಗೆ ಎಣಿಕೆ ಬೇಕಾಗಿಯೂ ಇಲ್ಲ, ಒಂದು ಕಡಿಮೆಯಾದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಬೇಕಾಗಿದ್ದದ್ದು ನಮಗೆ. ನಮ್ಮ ರಿಜಿಸ್ಟರಿನಲ್ಲಿ ಒಟ್ಟು ಕುರಿ ಎಂದು ಒಂದು ಕಾಲಂ ಇತ್ತು. ಮೂವತ್ತೊಂದು ವರ್ಷ ನಾನು ಅದರಲ್ಲಿ ಅಂದಾಜು ಎಂದೇ ಬರೆದೆ.

ಕಥೆ ನಡೆದ ವರ್ಷ ಚಿತ್ರದುರ್ಗದಲ್ಲಿ ನಮಗೂ ಸವಿತಾಳಿಗೆ ಆದಂಥದ್ದೇ ಒಂದು ತರಬೇತಿ ಆಗಿತ್ತು. ಬೆಂಗಳೂರಿನಿಂದ ಒಬ್ಬರು ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಎಲ್ಲರಿಗೂ ಒಂದೊಂದು ಕಾರ್ಡು ಕೊಟ್ಟು, ನಿಮ್ಮ ಮೂರು ಮೌಲ್ಯಗಳನ್ನು ಬರೆದು ಜೇಬಿನಲ್ಲಿಟ್ಟುಕೊಳ್ಳಿ ಎಂದರು. ನಾನು ಪ್ರಾಮಾಣಿಕತೆ, ಕರುಣೆ, ಸಮಯಪಾಲನೆ ಎಂದು ಬರೆದೆ. ಆ ದಿನ ನಾನು ಒಂದು ಗಂಟೆ ತಡವಾಗಿ ಹೋಗಿದ್ದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಡಾಕ್ಟರು ಅದನ್ನು ಓದಿ ನನ್ನ ತೊಡೆ ಚಿವುಟಿದರು.

ನಮ್ಮ ಡಾಕ್ಟರು ಒಳ್ಳೆಯವರು. ನನಗಿಂತ ಹತ್ತು ವರ್ಷ ಚಿಕ್ಕವರು. ಆ ತರಬೇತಿ ಅವರಿಗೆ ಚೆನ್ನಾಗಿ ಹಿಡಿಸಿತು. ಅವತ್ತಿನಿಂದ ಆಸ್ಪತ್ರೆಯಲ್ಲಿ ನೀರು ಬರದಿದ್ದರೂ "ಪಾಸಿಟಿವ್ ಆಗಿರ್ರಿ" ಅನ್ನತೊಡಗಿದರು.

ಒಂದು ತಿಂಗಳ ಮೇಲೆ ಕರುಳು ಬೇನೆ ಲಸಿಕೆಯ ಕೆಲಸ ಬಂತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಳೆ ಬಿದ್ದು ಹೊಸ ಹುಲ್ಲು ಚಿಗುರಿದಾಗ ಕುರಿಗಳಿಗೆ ಬರುವ ಬೇನೆ ಇದು. ಗುಂಡುಗುಂಡಗೆ ನೆಗೆದಾಡುತ್ತಿದ್ದ ಮರಿ ಸಂಜೆ ಚೆನ್ನಾಗಿರುತ್ತದೆ, ಬೆಳಗ್ಗೆ ನೋಡಿದರೆ ಸತ್ತಿರುತ್ತದೆ. ಗಬ್ಬದ ಕುರಿಗೆ ಈಯುವ ಮೊದಲೇ ಲಸಿಕೆ ಹಾಕಿದರೆ ತಾಯಿಯ ಹಾಲಿನಿಂದ ಮರಿಗೂ ಕಾಪು ಸಿಗುತ್ತದೆ. ಆದ್ದರಿಂದ ಯಾವುದನ್ನು ಬಿಟ್ಟರೂ ಗಬ್ಬದ ಕುರಿಯನ್ನು ಬಿಡಬಾರದು.

ಐಮಂಗಲದ ಹತ್ತಿರ ಒಂದು ಹೊಲದಲ್ಲಿ ಕೆಂಚಮ್ಮನ ಮಂದೆ ಗೊಬ್ಬರಕ್ಕಾಗಿ ಬೀಡು ಬಿಟ್ಟಿತ್ತು. ಕೆಂಚಮ್ಮನಿಗೆ ಐವತ್ತು ದಾಟಿತ್ತು. ಗಂಡನ ಕಾಲು ಮುರಿದು ಅವನು ಹಟ್ಟಿಯಲ್ಲೇ ಉಳಿದ ಮೇಲೆ ಮಂದೆಯ ಜವಾಬ್ದಾರಿ ಇಡಿಯಾಗಿ ಅವಳದು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕುಡುಗೋಲು ಕಟ್ಟಿದ ಉದ್ದ ಕೋಲು. ಮಾತು ಕಡಿಮೆ. ನಾನು ಮತ್ತು ನಮ್ಮ ಆಸ್ಪತ್ರೆಯ ಅಟೆಂಡರ್ ರಂಗಪ್ಪ ಬೆಳಗ್ಗೆ ಇನ್ನೂ ಮಬ್ಬಿರುವಾಗಲೇ ಹೋದೆವು. ಬಲೆ ಕಟ್ಟಿ ಕುರಿ ಕೂಡಿದ ರೊಪ್ಪದ ಬಾಗಿಲಲ್ಲಿ ರಂಗಪ್ಪ ಒಂದೊಂದೇ ಕುರಿಯ ಕಾಲು ಹಿಡಿದು ಎಳೆದು ಕೊಡುವುದು, ನಾನು ಸೂಜಿ ಹಾಕಿ ಜಾಜು ಒತ್ತುವುದು. ಒಂದು ಗಂಟೆಯಾಗುವಷ್ಟರಲ್ಲಿ ಸೂಜಿ ಆದವೂ ಆಗದವೂ ಸೇರಿ ಧೂಳೆದ್ದು ನನಗೆ ಕಣ್ಣೇ ಕಾಣಿಸುತ್ತಿರಲಿಲ್ಲ.

ಆಗ ಕೆಂಚಮ್ಮ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತಳು. ಕೆಂಪು ಇದ್ದ ಕುರಿ ಬಂದಾಗಲೆಲ್ಲ "ಇದಾಯ್ತು, ಬಿಡ್ರಿ. ಇದೂ ಆಯ್ತು, ಬಿಡ್ರಿ," ಎಂದು ಕೋಲಿನಿಂದ ಆಚೆಗೆ ದಾಟಿಸತೊಡಗಿದಳು. ಕೆಲಸ ಬೇಗ ಮುಗಿಯಿತು. ಇಂಥ ಸಹಕಾರ ಎಲ್ಲರೂ ಕೊಟ್ಟರೆ ಎಷ್ಟು ಚೆನ್ನ ಎಂದು ನಾನು ರಂಗಪ್ಪನಿಗೆ ಹೇಳಿದ್ದೂ ನೆನಪಿದೆ. ಎರಡು ಬಾಟಲಿ ಲಸಿಕೆ ಉಳಿಯಿತು. ಮಂದೆಯಲ್ಲಿ ಎಷ್ಟಿವೆ ಎಂದು ಮೊದಲೇ ಗೊತ್ತಿಲ್ಲದ ಮೇಲೆ ಉಳಿದದ್ದರಲ್ಲಿ ವಿಶೇಷವೇನು? ಪೂರ್ತಿ ಮಂದೆಗೆ ಲಸಿಕೆ ಆಯಿತು ಎಂದು ವರದಿ ಬರೆದೆ. ಡಾಕ್ಟರು ಸಹಿ ಮಾಡಿ ಕಳಿಸಿದರು.

ನಾಲ್ಕು ದಿನ ಬಿಟ್ಟು ಆದಿವಾಲದಲ್ಲಿ ಲಸಿಕೆ ಇತ್ತು. ಅಲ್ಲಿ ಕೆಂಚಮ್ಮನ ಮೈದುನ ತಿಪ್ಪೇಸ್ವಾಮಿಯ ಮಂದೆ. ನಾವಿನ್ನೂ ಡಬ್ಬಿ ತೆಗೆದಿರಲಿಲ್ಲ, ಅಷ್ಟರಲ್ಲೇ ಕೆಲವು ಕುರಿಗಳ ಸೊಂಟದ ಮೇಲೆ ಕೆಂಪು ಮುದ್ರೆ ಕಾಣಿಸಿತು.

"ಇವಕ್ಕೆ ಯಾರು ಹಾಕಿದ್ರೋ ಸೂಜಿ?" ಎಂದೆ.

"ಯಾರೂ ಇಲ್ಲ ಸಾರ್. ಅವು ಗಬ್ಬದವು. ನಮ್ಮ ಮನೆತನದಾಗೆ ಗಬ್ಬ ನಿಂತ ಕುರಿಗೆ ಜಾಜು ಹಚ್ತೀವಿ. ಅವನ್ನ ಯಾರೂ ದಬ್ಬಬಾರ್ದು, ನಾಯಿ ಬಿಡಬಾರ್ದು ಅಂತ ಗುರುತು."

"ನಿಮ್ಮ ಅತ್ತಿಗೇನೂ ಹಚ್ತಾರಾ?"

"ನಮಗೆ ಹೇಳಿಕೊಟ್ಟಿದ್ದೇ ಅತ್ತಿಗೆ."

ಯಾವುದನ್ನು ಬಿಟ್ಟರೂ ಬಿಡಬಾರದೋ ಅವನ್ನೇ ಆರಿಸಿ ಆರಿಸಿ ಬಿಟ್ಟು ಬಂದಿದ್ದೆ. ರಂಗಪ್ಪ ನನ್ನ ಮುಖ ನೋಡಿದ. ಅವನಿಗೂ ಅರ್ಥವಾಗಿತ್ತು. "ನೀವೇ ತಾನೇ ಸಾರ್ ಕೆಂಪಿದ್ರೆ ಬಿಡು ಅಂದಿದ್ದು," ಎಂದ. ಹೌದಪ್ಪ, ನಾನೇ ಅಂದದ್ದು.

ಅಲ್ಲಿಯ ಕೆಲಸ ಮುಗಿಸಿ, ಮಾರನೆಯ ಬೆಳಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ವರದಿ ಹೋಗೈತೆ ರುದ್ರೇಶಪ್ಪ. ಈಗ ಅದು ತಪ್ಪು ಅಂತ ಬರೆದ್ರೆ ನಮ್ಮ ಆಸ್ಪತ್ರೆಯ ಎಲ್ಲಾ ವರದೀನೂ ಕೆದಕ್ತಾರೆ. ನಿಮಗಿನ್ನ ಎಷ್ಟು ವರ್ಷ ಸರ್ವೀಸ್ ಐತೆ?"

"ಆರು, ಸಾರ್."

"ಮತ್ತೆ? ಮಂದೆಯ ಮುಕ್ಕಾಲು ಭಾಗಕ್ಕೆ ಹಾಕೀರಿ ಅಂತ ತಿಳ್ಕಳ್ರಿ. ಅದನ್ನ ನೋಡ್ರಿ, ಬಿಟ್ಟಿದ್ದನ್ನ ನೋಡಬ್ಯಾಡ್ರಿ. ಪಾಸಿಟಿವ್ ಆಗಿ ಯೋಚನೆ ಮಾಡ್ರಿ. ಏನೂ ಆಗಲ್ಲ."

ಏನೂ ಆಗಲ್ಲ. ನನಗೆ ಹೊಳಲ್ಕೆರೆಯ ಮುದುಕರು ನೆನಪಾದರು. ಜೇಬಿನಲ್ಲಿ ಕಾರ್ಡಿತ್ತು. ಅದರಲ್ಲಿದ್ದ ಪ್ರಾಮಾಣಿಕತೆಯ ಪ್ರಕಾರ ನಡೆದರೆ ಈ ಒಳ್ಳೆಯ ಮನುಷ್ಯನ ಹೆಸರು ಹಾಳು. ಕರುಣೆಯ ಪ್ರಕಾರ ನಡೆದರೆ ಯಾರ ಮೇಲೆ ಕರುಣೆ, ಡಾಕ್ಟರ ಮೇಲೋ, ಕೆಂಚಮ್ಮನ ಮೇಲೋ, ಇನ್ನೂ ಹುಟ್ಟದ ಮರಿಗಳ ಮೇಲೋ? ಕಾರ್ಡಿನಲ್ಲಿ ಮೂರೂ ಒಂದರ ಕೆಳಗೊಂದು ಜಗಳವಿಲ್ಲದೆ ಕೂತಿದ್ದವು. ನನಗೆ ಮಾತ್ರ ತಲೆ ಕೆಟ್ಟುಹೋಯಿತು.

"ಎರಡು ದಿನ ರಜಾ ಬೇಕು ಸಾರ್," ಎಂದೆ.

ಡಾಕ್ಟರು ಲಸಿಕೆ ಇಡುವ ಫ್ರಿಜ್ಜಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. "ನಾನು ಊಟಕ್ಕೆ ಹೋಗ್ತೀನಿ," ಎಂದು ಎದ್ದು ಹೋದರು. ಆಗ ಬೆಳಗಿನ ಹನ್ನೊಂದು ಗಂಟೆ. ಹೋಗು ಎಂದು ಕೊಟ್ಟ ಅಪ್ಪಣೆಯೋ, ನನಗೇನೂ ಗೊತ್ತಿಲ್ಲ ಎಂದು ಹೇಳಲು ಇಟ್ಟುಕೊಂಡ ದಾರಿಯೋ? ಆಮೇಲೂ ಕೆಲವು ವರ್ಷ ಜೊತೆಗೆ ಕೆಲಸ ಮಾಡಿದೆವು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಉಳಿದಿದ್ದ ಎರಡು ಬಾಟಲಿಯನ್ನು ಐಸ್ ಡಬ್ಬಿಗೆ ಹಾಕಿ ಬೈಕಿನ ಹಿಂದೆ ಕಟ್ಟಿಕೊಂಡು ಹೊರಟೆ. ಐಮಂಗಲದ ಹೊಲದಲ್ಲಿ ಹಿಕ್ಕೆ ಮಾತ್ರ ಇತ್ತು. ಹೊಲದವನು ಮಂದೆ ಹೊಸದುರ್ಗದ ಕಡೆ ಹೋಯಿತು ಎಂದ. ದಾರಿಯಲ್ಲಿ ಒಬ್ಬರು ಎಡಕ್ಕೆ ಅಂದರು, ಇನ್ನೊಬ್ಬರು ಬಲಕ್ಕೆ ಅಂದರು. ನಾನು ಎರಡೂ ಕಡೆ ಹೋದೆ. ಕಂಬಳಿ ಹೊದ್ದ ಬೇರೆ ಯಾರನ್ನೋ ಕೆಂಚಮ್ಮ ಎಂದುಕೊಂಡು ಅವರ ಮಂದೆಯ ಹಿಂದೆ ಮೂರು ಮೈಲಿ ಹೋದೆ. ಹತ್ತಿರ ಹೋದಾಗ ಅವರು "ಯಾರ್ ಬೇಕು ಸಾರ್?" ಎಂದರು. ಯಾರು ಬೇಕು ಎಂದು ಹೇಳಿದೆ, ಏಕೆ ಎಂದು ಹೇಳಲಿಲ್ಲ.

ಹೊಸದುರ್ಗ ಮುಟ್ಟುವಷ್ಟರಲ್ಲಿ ಐಸು ಕರಗುತ್ತಾ ಬಂದಿತ್ತು. ಲಸಿಕೆ ಬೆಚ್ಚಗಾದರೆ ಬರೀ ನೀರು. ಬಸ್ ಸ್ಟ್ಯಾಂಡಿನ ಹತ್ತಿರ ಐಸ್‌ಕ್ಯಾಂಡಿ ಮಾರುವವನನ್ನು ನಿಲ್ಲಿಸಿ ಅವನಲ್ಲಿದ್ದ ಕ್ಯಾಂಡಿಯನ್ನೆಲ್ಲ ಕೊಂಡೆ. ಬಾಟಲಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸುತ್ತಲೂ ಕಿತ್ತಳೆ ಬಣ್ಣದ ಕ್ಯಾಂಡಿ ತುಂಬಿದೆ. "ಎಷ್ಟು ಮಕ್ಕಳು ಸಾರ್ ಮನ್ಯಾಗೆ?" ಎಂದು ಕೇಳಿದ ಅವನು. ಅಂದಾಜು ಎಂದೆ. ಅವತ್ತು ಹೊಸದುರ್ಗದ ನೆಂಟರ ಮನೆಯಲ್ಲಿ ಉಳಿದು, ಅವರ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಲಸಿಕೆ ಇಟ್ಟು, ಮಾರನೆಯ ದಿನ ಬೆಳಗ್ಗೆ ಮತ್ತೋಡಿನ ಹತ್ತಿರ ಒಂದು ತೆಂಗಿನ ತೋಟದಲ್ಲಿ ಕೆಂಚಮ್ಮನನ್ನು ಹಿಡಿದೆ.

ಅವಳು ಮೂರು ಕಲ್ಲಿನ ಒಲೆಯ ಮುಂದೆ ಕೂತು ಮುದ್ದೆಗೆ ಎಸರಿಟ್ಟಿದ್ದಳು. ನನ್ನನ್ನು ನೋಡಿ ಎದ್ದಳು, ಕಂಬಳಿ ಹಾಸಿದಳು. "ಬರ್ರಿ ಸಾರ್, ಕುಂತ್ಕಳ್ರಿ."

ನಾನು ಕೂರಲಿಲ್ಲ. ನಿಂತುಕೊಂಡೇ ಹೇಳಿದೆ. "ಕೆಂಚಮ್ಮ, ನನ್ನಿಂದ ತಪ್ಪಾಗೈತೆ. ನಿಮ್ಮ ಗಬ್ಬದ ಕುರಿಗೆಲ್ಲಾ ಸೂಜಿ ಹಾಕದಂಗೆ ಬಿಟ್ಟೀನಿ. ನಿಮ್ಮ ಜಾಜು ಗುರುತು ನನಗೆ ಗೊತ್ತಿರ್ಲಿಲ್ಲ. ಆಯ್ತು ಅಂತ ವರದಿ ಬೇರೆ ಬರೆದೀನಿ."

ಅವಳು ಒಲೆಯ ಕಡೆ ತಿರುಗಿ ಒಂದು ಕಟ್ಟಿಗೆ ಒಳಗೆ ತಳ್ಳಿದಳು.

"ಗೊತ್ತೈತೆ ಸಾರ್," ಎಂದಳು.

"ಏನು ಗೊತ್ತೈತೆ?"

"ಬಾಗ್ಲಾಗೆ ನಿಂತು ಇದಾಯ್ತು ಬಿಡ್ರಿ, ಇದಾಯ್ತು ಬಿಡ್ರಿ ಅಂದಿದ್ದು ನಾನೇ ಅಲ್ವ್ರಾ."

ನನಗೆ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ, ಬಹಳ ಸಿಟ್ಟು ಬಂತು. ಹಿಂದಿನ ದಿನವೆಲ್ಲ ಬಿಸಿಲಲ್ಲಿ ತಿರುಗಿ, ಅನ್ನ ಸೇರದೆ, ಕಂಡವರ ಮುಂದೆ ಕಳ್ಳನ ಹಾಗೆ ನಿಂತು ಬಂದವನು ನಾನು. ಇವಳು ಬೇಕೆಂದೇ ಮಾಡಿದ್ದಾಳೆ! "ನಿಮಗೆ ಬುದ್ಧಿ ಐತಾ ಕೆಂಚಮ್ಮ? ಮರಿ ಸತ್ರೆ ಯಾರ ಮನೆ ಮರಿ ಸಾಯೋದು?" ಎಂದು ಕೂಗಾಡಿದೆ. ಕುರಿಗಳು ತಲೆಯೆತ್ತಿ ನೋಡಿದವು.

"ಮೂರು ವರ್ಷದ ಕೆಳಗೆ ಬ್ಯಾರೆ ಊರಾಗೆ ಒಬ್ರು ಬಂದಿದ್ರು ಸಾರ್," ಎಂದಳು. "ಗಬ್ಬದವು ಅದಾವೆ, ಹುಷಾರು ಅಂದೆ. ಏನೂ ಆಗಲ್ಲ ಕಣಮ್ಮ ಅಂತ ನಕ್ಕಂಡು, ಕಾಲು ಹಿಡಿದು ಎತ್ತಿ ಎತ್ತಿ ಒಗೆದ್ರು. ಹನ್ನೊಂದು ಕುರಿ ದಿನ ತುಂಬದೇನೇ ಕಂದು ಹಾಕಿದ್ವು. ನಿಮ್ಮ ರಂಗಪ್ಪನೂ ಹಂಗೇ ಎಳೀತಿದ್ದ. ನಿಮ್ಮ ಹತ್ರ ಬ್ಯಾಡ ಅಂದ್ರೆ ಬೈತೀರಿ. ಅದಕ್ಕೇ ಅಂಗಂದೆ."

ಎಣಿಸಬಾರದು ಅನ್ನುವವಳ ಬಾಯಲ್ಲಿ ಹನ್ನೊಂದು ಎಂಬ ಎಣಿಕೆ ಬಂದದ್ದು ನನಗೆ ಆಶ್ಚರ್ಯವಾಯಿತು. ಅವಳಿಗೆ ಅದು ತಿಳಿಯಿತೇನೋ. "ಹೋಗಿದ್ದನ್ನ ಎಣಿಸಬೌದು ಸಾರ್," ಎಂದಳು. "ಇರೋದನ್ನ ಎಣಿಸಬಾರ್ದು."

ನಾನು ಕಂಬಳಿಯ ಮೇಲೆ ಕೂತೆ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ತಪ್ಪು ನನ್ನದೋ, ಅವಳದೋ, ಮೂರು ವರ್ಷದ ಹಿಂದೆ ನಕ್ಕವನದೋ?

"ಈಗ ಹಾಕಿದ್ರೆ ಕಂದು ಹಾಕಲ್ಲ ಅಂತ ಮಾತು ಕೊಡ್ತೀರಾ ಸಾರ್?" ಎಂದಳು.

ಏನೂ ಆಗಲ್ಲ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಇಷ್ಟು ವರ್ಷದ ಅಭ್ಯಾಸ. ಅದನ್ನು ಅಂದಿದ್ದರೆ ಅವಳಿಗೆ ಧೈರ್ಯ ಬರುತ್ತಿತ್ತು, ನನ್ನ ಕೆಲಸವೂ ಆಗುತ್ತಿತ್ತು. ಹನುಮಂತಪ್ಪನವರಾಗಿದ್ದರೆ ಅನ್ನುತ್ತಿದ್ದರು, ನಮ್ಮ ಡಾಕ್ಟರೂ ಅನ್ನುತ್ತಿದ್ದರು. ಇಬ್ಬರೂ ಕೆಟ್ಟವರಲ್ಲ.

"ಮಾತು ಕೊಡಕ್ಕಾಗಲ್ಲ ಕೆಂಚಮ್ಮ," ಎಂದೆ. "ಔಷಧಿಯಿಂದ ಆಗೋದು ಬಾಳ ಕಡಿಮೆ. ಹಿಡಿಯೋ ರೀತಿಯಿಂದ ಆಗ್ತೈತೆ. ನಿಧಾನಕ್ಕೆ ಹಿಡಿದು ಹಾಕಿದ್ರೂ ಒಂದೋ ಎರಡೋ ಹೋಗಬೌದು, ಏನೂ ಹೋಗದೆನೂ ಇರಬೌದು. ಹಾಕದೆ ಇದ್ರೆ ಮರಿಗೆ ಬೇನೆ ಬರಬೌದು, ಬರದೆನೂ ಇರಬೌದು. ನನಗೆ ಗೊತ್ತಿಲ್ಲ. ನನ್ನದೇ ಕುರಿಯಾಗಿದ್ರೆ ಹಾಕ್ತಿದ್ದೆ. ಅಷ್ಟು ಮಾತ್ರ ಗೊತ್ತು."

ಮುದ್ದೆಯ ಎಸರು ಕುದಿದು ಉಕ್ಕಿತು. ಅದನ್ನು ಇಳಿಸಿಟ್ಟು ಅವಳು ಎದ್ದಳು.

"ಏನೂ ಆಗಲ್ಲ ಅಂದಿದ್ರೆ ಕಳಿಸಿಬಿಡ್ತಿದ್ದೆ ನಿಮ್ಮನ್ನ," ಎಂದಳು. "ಬರ್ರಿ, ಹೋಗಾಣ. ನೀವು ಹಿಡೀಬ್ಯಾಡ್ರಿ. ನಾನು ಹಿಡೀತೀನಿ."

ಅವತ್ತು ನಾನು ಕುರಿ ಹಿಡಿಯುವುದನ್ನು ಹೊಸದಾಗಿ ನೋಡಿದೆ. ಕೆಂಚಮ್ಮ ಕಾಲು ಎಳೆಯಲಿಲ್ಲ. ಕುರಿಯ ಪಕ್ಕಕ್ಕೆ ಹೋಗಿ, ಏನೋ ಮಾತಾಡುತ್ತಾ, ಗಲ್ಲದ ಕೆಳಗೆ ಅಂಗೈ ಇಟ್ಟು ಮುಖ ಮೇಲೆತ್ತುತ್ತಿದ್ದಳು. ಅದು ನಿಂತಲ್ಲೇ ನಿಲ್ಲುತ್ತಿತ್ತು. ನಾನು ಚರ್ಮ ಎತ್ತಿ ನಿಧಾನವಾಗಿ ಔಷಧಿ ಬಿಡುತ್ತಿದ್ದೆ. ಕುರಿಗೆ ಚುಚ್ಚಿದ್ದೇ ತಿಳಿಯದ ಹಾಗೆ ಮತ್ತೆ ತರಗು ಮೂಸುತ್ತಾ ಹೋಗುತ್ತಿತ್ತು. ಬೆಳಗಿನಿಂದ ಮಧ್ಯಾಹ್ನದ ತನಕ ಹಿಡಿಯಿತು. ಲಸಿಕೆ ಕ್ಯಾಂಪಿನಲ್ಲಿ ಅಷ್ಟು ಹೊತ್ತಿನಲ್ಲಿ ನಾವು ಮೂರು ಮಂದೆ ಮುಗಿಸುತ್ತಿದ್ದೆವು. ಹೊಸಬರಿಗೆ ನಾನು ಖಚಿತವಾಗಿ ಹೇಳಬಲ್ಲ ಒಂದೇ ಪಾಠ ಇದು: ಗಬ್ಬದ ಕುರಿಯ ಕಾಲು ಎಳೆಯಬೇಡಿ, ಗಲ್ಲ ಹಿಡಿಯಿರಿ. ಉಳಿದದ್ದೆಲ್ಲ ನನಗೂ ಅಂದಾಜೇ.

ಕೆಲಸ ಮುಗಿದ ಮೇಲೆ ಬಿಸಿ ಮುದ್ದೆ, ಹುರುಳಿಕಟ್ಟಿನ ಸಾರು ಕೊಟ್ಟಳು. ಡಬ್ಬಿಯಲ್ಲಿ ಉಳಿದಿದ್ದ ಕ್ಯಾಂಡಿ ನೀರಾಗಿತ್ತು. ಒಂದೇ ಒಂದು ಅರ್ಧ ಉಳಿದಿತ್ತು, ಅದನ್ನು ಅವಳಿಗೆ ಕೊಟ್ಟೆ. "ಹಲ್ಲು ಜುಂ ಅಂತೈತೆ ಸಾರ್," ಎಂದು ನಕ್ಕಳು. ಅವಳು ನಕ್ಕದ್ದನ್ನು ನೋಡಿದ್ದು ಅದೇ ಮೊದಲು.

ಇಲ್ಲಿಗೇ ಮುಗಿದಿದ್ದರೆ ಮೈಕಿನ ಮುಂದೆ ಹೇಳಬಹುದಿತ್ತು.

ಹದಿನೈದು ದಿನದ ಮೇಲೆ ತಿಪ್ಪೇಸ್ವಾಮಿ ಆಸ್ಪತ್ರೆಗೆ ಬಂದ. "ಅತ್ತಿಗೆ ಹೇಳಕ್ಕೆ ಹೇಳಿದ್ರು ಸಾರ್. ಎರಡು ಕುರಿ ಕಂದು ಹಾಕಿದ್ವಂತೆ. ಬೈಯಕ್ಕಲ್ಲ, ನಿಮಗೆ ಗೊತ್ತಿರ್ಲಿ ಅಂತ." ನಾನು ಹೂಂ ಎಂದೆ. ನನ್ನ ಸೂಜಿಯಿಂದಲೋ, ಅಷ್ಟು ದೂರ ನಡೆದದ್ದರಿಂದಲೋ, ಅವಕ್ಕೆ ಅದೇ ಇತ್ತೋ? ಯಾರು ಹೇಳಬೇಕು? ನಾನು ಹೋಗದೆ ಪಾಸಿಟಿವ್ ಆಗಿ ಕೂತಿದ್ದರೆ ಆ ಎರಡು ಉಳಿಯುತ್ತಿದ್ದವೇನೋ. ವಾರಗಟ್ಟಲೆ ಇದೇ ಯೋಚನೆ. ಹೆಂಡತಿ ಗಿರಿಜ, "ಕುರಿ ನಿಮ್ದಾ, ಕೆಂಚಮ್ಮಂದಾ?" ಎಂದು ರೇಗಿದಳು.

ಮಳೆ ಬಂತು, ಹುಲ್ಲು ಚಿಗುರಿತು. ಮತ್ತೋಡಿನ ಆಸುಪಾಸಿನ ಒಂದು ಮಂದೆಯಲ್ಲಿ ಮರಿಗಳು ಸತ್ತವು ಎಂದು ಸುದ್ದಿ ಬಂತು. ಕೆಂಚಮ್ಮನ ಮರಿಗಳಿಗೆ ಏನೂ ಆಗಲಿಲ್ಲ. ಲಸಿಕೆಯಿಂದಲೋ, ಅವಳು ಎಳೆ ಹುಲ್ಲಿಗೆ ಬಿಡದೆ ಕಾದದ್ದರಿಂದಲೋ, ಅದೂ ಗೊತ್ತಿಲ್ಲ. ಹೋದ ಎರಡಕ್ಕೆ ನಾನು ಕಾರಣ ಎಂದು ಒಪ್ಪಿಕೊಂಡರೆ ಉಳಿದವಕ್ಕೂ ನಾನೇ ಕಾರಣ ಎನ್ನಬೇಕಾಗುತ್ತದೆ. ಅಷ್ಟು ದೊಡ್ಡ ಮಾತಾಡಲು ನನಗೆ ಬಾಯಿಲ್ಲ.

ಆದರೆ ನಮ್ಮ ಡಾಕ್ಟರಿಗೆ ಅನುಮಾನವಿರಲಿಲ್ಲ. ಜಿಲ್ಲೆಯ ಒಂದು ಸಭೆಯಲ್ಲಿ ಎದ್ದು ನಿಂತು, ರಜೆಯ ದಿನ ಸ್ವಂತ ಬೈಕಿನಲ್ಲಿ ಹೋಗಿ ವಲಸೆ ಮಂದೆಗೆ ಲಸಿಕೆ ಹಾಕಿ ಬಂದ ನೌಕರ ಎಂದು ನನ್ನ ಬಗ್ಗೆ ಹೇಳಿದರು. ಜಾಜಿನ ವಿಷಯ, ವರದಿಯ ವಿಷಯ ಬರಲಿಲ್ಲ. ನನಗೊಂದು ಪ್ರಮಾಣಪತ್ರ ಕೊಟ್ಟರು, ಅದರಲ್ಲಿ ಸಕಾರಾತ್ಮಕ ಮನೋಭಾವ ಎಂದು ದಪ್ಪ ಅಕ್ಷರದಲ್ಲಿತ್ತು. ಆಗ ನಾನು ಬಾಯಿಬಿಟ್ಟು, ಸ್ವಾಮಿ, ನಾನು ಹೋದದ್ದು ನನ್ನ ತಪ್ಪು ತಿದ್ದಲು ಎನ್ನಬೇಕಿತ್ತು. ಅನ್ನಲಿಲ್ಲ. ಡಾಕ್ಟರ ಮುಖ ನೋಡಿದೆ, ಅವರು ಹೆಮ್ಮೆಯಿಂದ ನಗುತ್ತಿದ್ದರು. ಕೈಮುಗಿದು ಇಸಿದುಕೊಂಡು ಬಂದೆ. ಅವತ್ತು ನನ್ನ ಬಗ್ಗೆ ನನಗೆ ಅಸಹ್ಯವಾಯಿತು. ಆ ಪ್ರಮಾಣಪತ್ರ ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಗಿರಿಜ ಎಸೆಯಲು ಬಿಡುವುದಿಲ್ಲ.

ಮರುವರ್ಷ ಮತ್ತೆ ಐಮಂಗಲದಲ್ಲಿ ಲಸಿಕೆ. ಈ ಸಲ ನಾವು ಅವಳನ್ನು ಹುಡುಕಿಕೊಂಡು ಹೋಗಲಿಲ್ಲ. ಕೆಂಚಮ್ಮನೇ ಮಂದೆ ಹೊಡೆದುಕೊಂಡು ಬಂದಿದ್ದಳು. ಯಾವ ಕುರಿಯ ಸೊಂಟದ ಮೇಲೂ ಕೆಂಪಿರಲಿಲ್ಲ.

"ಗಬ್ಬದವಕ್ಕೆ ಹಣೆ ಮ್ಯಾಲೆ ಹಚ್ಚೀನಿ ಸಾರ್. ಸೊಂಟ ನಿಮಗೆ ಬಿಟ್ಟೀನಿ," ಎಂದಳು. ರಂಗಪ್ಪನ ಕಡೆ ಕೋಲು ತೋರಿಸಿ, "ಇವ್ರು ಕುಂತ್ಕಳ್ಲಿ," ಎಂದಳು. ರಂಗಪ್ಪ ಸಂತೋಷವಾಗಿ ಬೇವಿನ ಮರದ ಕೆಳಗೆ ಹೋಗಿ ಕೂತ. ನಾವಿಬ್ಬರೂ ಗಲ್ಲ ಹಿಡಿದು, ಚರ್ಮ ಎತ್ತಿ, ಮಧ್ಯಾಹ್ನದ ತನಕ ಒಂದೊಂದಾಗಿ ಮುಗಿಸಿದೆವು.

ಕೊನೆಗೆ ನಾನು ರಿಜಿಸ್ಟರ್ ತೆಗೆದು, ಪ್ರತಿ ವರ್ಷದ ಹಾಗೆ, ಉತ್ತರದ ಆಸೆಯಿಲ್ಲದೆ, "ಎಷ್ಟು ಅಂತ ಬರಕಳ್ಲಿ ಕೆಂಚಮ್ಮ?" ಎಂದೆ.

ಅವಳು ಮಂದೆಯ ಕಡೆ ನೋಡಿದಳು. ರಂಗಪ್ಪ ದೂರದಲ್ಲಿದ್ದಾನೆ ಎಂದು ಖಾತ್ರಿ ಮಾಡಿಕೊಂಡಳು. ಹತ್ತಿರ ಬಂದು, ಬಾಯಿಗೆ ಸೆರಗು ಅಡ್ಡ ಹಿಡಿದು, ನನ್ನ ಕಿವಿಯಲ್ಲಿ ಒಂದು ಸಂಖ್ಯೆ ಹೇಳಿದಳು.

ನನ್ನ ಕಣ್ಣಲ್ಲಿ ನೀರು ಬಂತು. ಮೂವತ್ತೊಂದು ವರ್ಷದಲ್ಲಿ ಕುರಿಗಾರರೊಬ್ಬರು ಇರುವುದನ್ನು ಎಣಿಸಿ ನನಗೆ ಹೇಳಿದ್ದು ಅದೊಂದೇ ಸಲ. ಪೆನ್ನಿನ ಮುಚ್ಚಳ ತೆಗೆದು, ಒಟ್ಟು ಕುರಿ ಎಂಬ ಕಾಲಮ್ಮಿನಲ್ಲಿ ಎಂದಿನಂತೆ ಅಂದಾಜು ಎಂದೇ ಬರೆದೆ. ಪ್ರಾಮಾಣಿಕತೆ ಎಂದು ಕಾರ್ಡಿನಲ್ಲಿ ಮೊದಲು ಬರೆದುಕೊಂಡವನೂ ನಾನೇ. ಆ ಸಂಖ್ಯೆ ನನಗೆ ಇಂದಿಗೂ ನೆನಪಿದೆ. ಇಲ್ಲಿಯೂ ಬರೆಯುವುದಿಲ್ಲ.